ಗುಣಗನ್ನಡಿ ಕಂಡ ಎರಡನೆಯ ಮನುಷ್ಯ

ಎರಡು ಸಾವಿರದ ಅರವತ್ತಮೂರನೆಯ ಇಸವಿಯ ಒಂದೇ ಮಳೆಗಾಲದಲ್ಲಿ ನಾನು ಹನ್ನೊಂದು ಸಾವಿರದ ಇನ್ನೂರು ಕಂಪನಿಗಳ ಧಣಿಗಳ ಎದೆಯೊಳಗೆ ಇಳಿದು, ಅಲ್ಲಿ ಒಂದು ಸುತ್ತು ಹಾಕಿ, ಬಿಟ್ಟ ಚಪ್ಪಲಿ ಮರೆಯದೆ ಮೆಟ್ಟಿಕೊಂಡು ಹೊರಗೆ ಬಂದಿದ್ದೇನೆ. ಮುನ್ನೂರು ಜನರ ಎದೆಯಲ್ಲಿ ಅವರದೇ ಫೋಟೊ ಬಿಟ್ಟರೆ ಬೇರೆ ಸಾಮಾನೇ ಇರಲಿಲ್ಲ. ಒಬ್ಬರ ಎದೆಯಲ್ಲಿ ಎಂಬತ್ತು ಸಮಿತಿಗಳು ಚಾ ಕುಡಿಯುತ್ತ ಕೂತಿದ್ದವು. ಮತ್ತೊಬ್ಬರ ಎದೆಯಲ್ಲಿ ಎಷ್ಟು ಕತ್ತಲೆಯೆಂದರೆ ನಾನು ಟಾರ್ಚು ಅಲ್ಲೇ ಬಿಟ್ಟು ಬಂದೆ, ಪಾಪ, ಅವರಿಗಾದರೂ ಉಪಯೋಗವಾಗಲಿ ಎಂದು.

ನಂಬುವುದಿಲ್ಲವೇ? ಬೆಳಗಾವಿಯಲ್ಲೂ ಮೊದಲು ಯಾರೂ ನಂಬಲಿಲ್ಲ. ಆದರೆ ಹುಬ್ಬಳ್ಳಿಯ ಒಂದು ಸೋಡಾ ಕಂಪನಿಯ ಸಭೆಯಲ್ಲಿ ನಡೆದದ್ದನ್ನು ಕೇಳಿ. ಮೇಜಿನ ನಡುವೆ ಜೋಳದ ರೊಟ್ಟಿಯಷ್ಟಗಲದ, ಅಷ್ಟೇ ತೆಳುವಾದ ಒಂದು ಲೋಹದ ತಟ್ಟೆ. ಎದುರಿಗೆ ಕಂಪನಿಯ ಆಡಳಿತ ನಿರ್ದೇಶಕರು. ಅವರ ಮುಂದೆ ಒಂದು ಹೊಸ ಯಂತ್ರವನ್ನು ಇಡಲಾಯಿತು. ಬಾಟಲಿಗಳ ಬಿರುಕನ್ನು ತಾನೇ ಗುರುತಿಸುವ ಗಣಕ ಅದು. ನಿರ್ದೇಶಕರು ನಕ್ಕರು, ಮುಟ್ಟಿದರು, "ಭಾಳ ಛಲೋ ಐತಿ" ಎಂದರು. ತಟ್ಟೆ ಒಂದು ನಿಮಿಷ ಸುಮ್ಮನಿದ್ದು ಮೂರು ಸಾಲು ಬರೆಯಿತು: 'ಒಂಬತ್ತನೆಯ ದಿನ ಕೊಳ್ಳುತ್ತಾರೆ. ಹನ್ನೆರಡನೆಯ ದಿನ ಹಾರ ಹಾಕುತ್ತಾರೆ. ನಲವತ್ತನೆಯ ದಿನ ಬಟ್ಟೆ ಹೊದಿಸುತ್ತಾರೆ.' ನಲವತ್ತನೆಯ ದಿನ ನಾನೇ ಹೋಗಿ ನೋಡಿದೆ. ಬಟ್ಟೆ ಹೊದಿಸಿದ್ದರು. ಕಸೂತಿ ಹಾಕಿದ ಬಟ್ಟೆ. ಮೇಲೊಂದು ಹೂದಾನಿ ಬೇರೆ.

ಆ ತಟ್ಟೆಯ ಹೆಸರು ಗುಣಗನ್ನಡಿ. ಅದನ್ನು ಮಾಡಿದವರು ಡಾ. ಅನಸೂಯಾ ಬಾಳಿಕಾಯಿ. ಅವರ ಬಲಗೈ ಯಾರು ಎಂದು ಕೇಳುವ ಅಗತ್ಯವಿಲ್ಲ. ವಸಂತ ಕುಲಗೋಡ ಎಂಬ ನಾನು ಇಲ್ಲದಿದ್ದರೆ ಆ ತಾಯಿಗೆ ತಟ್ಟೆಯ ಮೇಲ್ಭಾಗ ಯಾವುದು ಕೆಳಭಾಗ ಯಾವುದು ಎಂಬುದೂ ತಿಳಿಯುತ್ತಿರಲಿಲ್ಲ.

ಆಕೆ ಮೊದಲು ಮನುಷ್ಯರನ್ನು ಅಳೆಯುವ ಗೊಡವೆಗೆ ಹೋದವರಲ್ಲ. ಅಳೆಯುತ್ತಿದ್ದುದು ಕುಲುಮೆಗಳನ್ನು. ಕಬ್ಬಿಣ ಕರಗಿಸುವ ವಿದ್ಯುತ್ ಕುಲುಮೆಯೆಂದರೆ ಒಂದು ದೊಡ್ಡ ಹಂಡೆ ಎಂದುಕೊಳ್ಳಿ. ಒಳಗೆ ಸಾವಿರದ ನಾಲ್ಕುನೂರು ಡಿಗ್ರಿಯ ಕಾದ ರಸ. ಹಂಡೆಯ ಗೋಡೆಗೆ ಬೆಂಕಿ ತಡೆಯುವ ಮಣ್ಣಿನ ಲೇಪ. ಕಾರ್ಖಾನೆಯವರು ಅದನ್ನು ಲೈನಿಂಗ್ ಎನ್ನುತ್ತಾರೆ. ಲೇಪದ ಆಚೆಗೆ ತಾಮ್ರದ ಕೊಳವೆ, ಕೊಳವೆಯೊಳಗೆ ಅದನ್ನು ತಣ್ಣಗಿಡಲು ಸದಾ ಹರಿಯುವ ನೀರು. ಬೆಂಕಿಗೂ ನೀರಿಗೂ ನಡುವೆ ಗೇಣುದ್ದದ ಮಣ್ಣು, ಅಷ್ಟೇ. ಮಣ್ಣು ಸವೆದು ರಸ ನೀರನ್ನು ಮುಟ್ಟಿತೋ, ಒಂದು ಲೋಟ ನೀರು ಕಣ್ಣು ಮಿಟುಕಿಸುವಷ್ಟರಲ್ಲಿ ಸಾವಿರಕ್ಕೂ ಹೆಚ್ಚು ಲೋಟದಷ್ಟು ಹಬೆಯಾಗುತ್ತದೆ. ಆಮೇಲೆ ಆ ಛಾವಣಿಯ ಕೆಳಗೆ ಇದ್ದವರನ್ನು ಎಣಿಸುವ ಕೆಲಸ ಬೇರೆಯವರದು.

ಡಾ. ಬಾಳಿಕಾಯಿ ಆ ಮಣ್ಣಿನೊಳಗೆ ಕೂದಲಿನಷ್ಟು ಸಣ್ಣ ತಂತಿಗಳ ಬಲೆ ಹೆಣೆದರು. ಮಣ್ಣು ಸವೆದಂತೆ ಬಲೆ ಸುದ್ದಿ ಕೊಡುತ್ತದೆ. ಸುದ್ದಿ ಅಂಗೈಯಗಲದ ಪರದೆಯೊಂದರ ಮೇಲೆ ಹಸಿರು, ಹಳದಿ, ಕೆಂಪಾಗಿ ಕಾಣುತ್ತದೆ. ಅದಕ್ಕೆ ಕುಲುಮೆಗಣ್ಣು ಎಂದು ಹೆಸರಿಟ್ಟರು. ಮೂವತ್ತೊಂದು ಕಾರ್ಖಾನೆಗಳು ಕೊಂಡವು. ವರ್ಷದ ನಂತರ ಹೋಗಿ ನೋಡಿದರೆ ನಾಲ್ಕರಲ್ಲಿ ಮಾತ್ರ ಅದು ಕೆಲಸ ಮಾಡುತ್ತಿತ್ತು. ಉಳಿದ ಕಡೆ ಕೆಟ್ಟಿರಲಿಲ್ಲ. ಕೆಟ್ಟಿದ್ದರೆ ಆಕೆಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಒಂದು ಕಡೆ ಪರದೆಯ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೇ ಕಿತ್ತಿರಲಿಲ್ಲ. "ಹೊಸಾದು ಹೊಸಾದಂಗ ಇರ್ಲಿ ಅಂತ್ರೀ." ಒಂದು ಕಡೆ ಪರದೆಯ ಸುದ್ದಿಯನ್ನು ದಿನಕ್ಕೊಮ್ಮೆ ಕಾಗದದ ಮೇಲೆ ಅಚ್ಚು ಹಾಕಿಸಿ, ಕಡತದಲ್ಲಿಟ್ಟು, ಧಣಿಗಳ ಸಹಿಗೆ ಕಳಿಸುತ್ತಿದ್ದರು. ಧಣಿಗಳು ವಾರಕ್ಕೊಮ್ಮೆ ಸಹಿ ಹಾಕುತ್ತಿದ್ದರು. ಇನ್ನೊಂದು ಕಡೆ ಕೆಂಪು ಬಣ್ಣ ಬಂದರೆ ಕೆಲಸಗಾರರು ಹೆದರುತ್ತಾರೆಂದು ಕೆಂಪನ್ನು ತೆಗೆಸಿ ಹಸಿರಿನ ಮೂರು ಛಾಯೆಗಳನ್ನು ಇಟ್ಟುಕೊಂಡಿದ್ದರು.

"ಕುಲಗೋಡರ," ಎಂದರು ಆಕೆ, ಬಸ್ ನಿಲ್ದಾಣದಲ್ಲಿ ಕಬ್ಬಿನ ಹಾಲಿನ ಲೋಟ ಹಿಡಿದು ಕುಡಿಯದೆ ನಿಂತು. "ಇಷ್ಟ್ ವರ್ಷ ನಾ ತಪ್ಪ್ ಜಾಗಾದಾಗ ತಂತಿ ಹಾಕೀನಿ. ಸವೆಯೋದು ಕುಲುಮಿ ಗ್ವಾಡಿ ಅಲ್ಲ. ಮ್ಯಾಲೆ ಕುಂತವ್ರ ಸ್ವಭಾವ."

"ಅದನ್ನ ನಾನs ನಿಮಗ ಹೇಳಬೇಕಂತಿದ್ದೆ," ಎಂದೆ ನಾನು. ನಿಜವಾಗಿಯೂ ಹೇಳಬೇಕೆಂದಿದ್ದೆ, ಆಕೆ ಒಂದು ಕ್ಷಣ ಮೊದಲು ಹೇಳಿಬಿಟ್ಟರು, ಅಷ್ಟೇ.

ಆರು ವರ್ಷ ಹಿಡಿಯಿತು. ನಾನು ಒಬ್ಬನೇ ಮಾಡಿದ್ದರೆ ಆರು ದಿನ. ಮನುಷ್ಯನ ಮುಂದೆ ಗೊತ್ತಿಲ್ಲದ ವಸ್ತುವೊಂದನ್ನು ಇಟ್ಟಾಗ ಆತ ಮುಟ್ಟುವ ಮುನ್ನ ಎಷ್ಟು ಹೊತ್ತು ತಡೆಯುತ್ತಾನೆ, ಕಣ್ಣಿನ ಪಾಪೆ ಅರಳುತ್ತದೆಯೋ ಕುಗ್ಗುತ್ತದೆಯೋ, ವಸ್ತುವನ್ನು ನೋಡುತ್ತಾನೋ ಅದನ್ನು ನೋಡುತ್ತಿರುವ ತನ್ನನ್ನು ಯಾರಾದರೂ ನೋಡುತ್ತಿದ್ದಾರೆಯೇ ಎಂದು ನೋಡುತ್ತಾನೋ, ಇವನ್ನೆಲ್ಲ ತಟ್ಟೆಯ ಅಂಚಿನ ಸಣ್ಣ ಕ್ಯಾಮೆರಾಗಳು ಹಿಡಿಯುತ್ತಿದ್ದವು. ಕೊನೆಗೆ ನೂರಕ್ಕೆ ಇಷ್ಟೆಂದು ಐದು ಗೆರೆಗಳು ಮೂಡುತ್ತಿದ್ದವು: ಕುತೂಹಲ, ಅಚ್ಚುಕಟ್ಟು, ಮೆರೆದಾಟ, ಹೊಂದಿಕೆ, ಅಳುಕು.

ಗೆರೆ ಓದುವುದು ಕಷ್ಟವಲ್ಲ. ಕುತೂಹಲದ ಧಣಿ ಎಲ್ಲವನ್ನೂ ತರಿಸುತ್ತಾನೆ, ಯಾವುದನ್ನೂ ಮುಗಿಸುವುದಿಲ್ಲ. ಅಚ್ಚುಕಟ್ಟಿನವನು ಎಲ್ಲರಿಗಿಂತ ತಡವಾಗಿ ಕೊಳ್ಳುತ್ತಾನೆ, ಆದರೆ ಕೊಂಡದ್ದನ್ನು ಕೊನೆಯ ಗುಂಡಿಯವರೆಗೆ ಬಳಸುತ್ತಾನೆ. ಮೆರೆದಾಟದವನು ಊರಿಗೆ ಮೊದಲು ಕೊಳ್ಳುತ್ತಾನೆ, ಊರಿಗೆಲ್ಲ ತೋರಿಸುತ್ತಾನೆ. ಹೊಂದಿಕೆಯವನು ಕೊನೆಗೆ ಭೇಟಿಯಾದವರು ಹೇಳಿದ್ದನ್ನು ಕೊಳ್ಳುತ್ತಾನೆ. ಅಳುಕಿನವನು ಸಮಿತಿ ಮಾಡುತ್ತಾನೆ. ಕಂಪನಿಯ ಯಂತ್ರಗಳ ಹಣೆಬರಹ ಯಂತ್ರದಲ್ಲಿಲ್ಲ, ಈ ಐದು ಗೆರೆಗಳಲ್ಲಿದೆ ಎಂಬುದೇ ಡಾ. ಬಾಳಿಕಾಯಿಯವರ ಶೋಧನೆ.

ಎರಡೇ ವರ್ಷದಲ್ಲಿ ಜನಜೀವನ ಬದಲಾಯಿತು. ಪ್ರತಿ ಕಾರ್ಖಾನೆಯ ಗೇಟಿನ ಮೇಲೆ ಧಣಿಯ ಐದು ಗೆರೆಗಳನ್ನು ಹಾಕಲೇಬೇಕೆಂದು ಕಾನೂನು ಬಂತು. ಕೆಲಸ ಹುಡುಕುವವರು ಸಂಬಳ ಕೇಳುವ ಮೊದಲು ಗೇಟಿನ ಮುಂದೆ ನಿಂತು ಗೆರೆ ಓದಿದರು. "ಅಚ್ಚುಕಟ್ಟು ಹನ್ನೆರಡಂತ, ನಡಿಯವಾ ಮುಂದ" ಎಂದು ಹೆಂಗಸರು ಮಾತಾಡಿಕೊಂಡು ಮುಂದಿನ ಗೇಟಿಗೆ ಹೋದರು. ಬೀಗತನ ಮಾಡುವವರು ಜಾತಕದ ಜೊತೆಗೆ ಗೆರೆಯನ್ನೂ ಕೇಳಿದರು. ಇನ್ನು ಎಲ್ಲ ಸರಿಹೋಗುತ್ತದೆ ಎಂದು ಡಾ. ಬಾಳಿಕಾಯಿ ಒಂದು ಇಡೀ ದಿನ ನಂಬಿದ್ದರು. ಆ ದಿನ ಅವರು ಕಬ್ಬಿನ ಹಾಲು ಕುಡಿದರು.

ಮರುದಿನವೇ ಪುಣೆಯಲ್ಲಿ ಒಂದು ಶಾಲೆ ತೆರೆಯಿತು. ಧಣಿಗಳಿಗೆ ಕಣ್ಣಿನ ಪಾಪೆ ಅರಳಿಸುವುದನ್ನು ಕಲಿಸುವ ಶಾಲೆ. ಮೂರು ವಾರದ ತರಬೇತಿಯಲ್ಲಿ ಕುತೂಹಲ ಇಪ್ಪತ್ತರಿಂದ ಎಪ್ಪತ್ತಕ್ಕೆ ಏರುತ್ತಿತ್ತು. ಗೆರೆ ಏರಿತು, ಯಂತ್ರಗಳ ಮೇಲಿನ ಕಸೂತಿ ಬಟ್ಟೆ ಹಾಗೇ ಇತ್ತು.

ಆಕೆಯ ತಾಳ್ಮೆ ಪೂರ್ತಿ ಕೆಟ್ಟದ್ದು ಬೆಳಗಾವಿಯ ವಜ್ರಕಾಯ ಎರಕ ಉದ್ಯಮದಲ್ಲಿ. ನಾನು ಅಲ್ಲಿ ಡಿಜಿಟಲ್ ವಿಭಾಗದ ಮುಖ್ಯಸ್ಥ. ವಿಭಾಗದಲ್ಲಿ ನಾನೊಬ್ಬನೇ ಇದ್ದೆ ಎಂಬುದು ಬೇರೆ ಮಾತು. ಸಿಂಹ ಗುಂಪು ಕಟ್ಟಿಕೊಂಡು ತಿರುಗುವುದಿಲ್ಲ. ಕಂಪನಿಯ ಆಡಳಿತ ನಿರ್ದೇಶಕರು ಧರಣೇಂದ್ರ ಬೋಳಣ್ಣವರ. ಪಂಪುಗಳ ಕವಚ ಎರಕ ಹೊಯ್ಯುವ ಕಾರ್ಖಾನೆ ಅವರದು. ಕುಲುಮೆಯ ಮೇಲುಸ್ತುವಾರಿ ಹಸೀನಾ ನದಾಫ ಎಂಬ ಹೆಣ್ಣುಮಗಳದ್ದು. ಹದಿನಾಲ್ಕು ವರ್ಷದಿಂದ ಆ ಬೆಂಕಿಯ ಮುಂದೆ ನಿಂತವಳು. ರಸದ ಬಣ್ಣ ನೋಡಿ ಅದರ ಬಿಸಿಯನ್ನು ಹತ್ತು ಡಿಗ್ರಿ ಆಚೀಚೆ ಇಲ್ಲದಂತೆ ಹೇಳುತ್ತಿದ್ದಳು.

ಧರಣೇಂದ್ರ ಸಾಹೇಬರು ಗುಣಗನ್ನಡಿಯ ಮುಂದೆ ಕೂರಲು ಹೆದರಲಿಲ್ಲ. ಫೋಟೊ ತೆಗೆಯುವವರನ್ನೂ ಕರೆಸಿದ್ದರು. ಗೆರೆಗಳು ಮೂಡಿದವು. ಮೇಜಿನ ಒಂದು ಕಡೆ ಸಾಹೇಬರು, ಇನ್ನೊಂದು ಕಡೆ ನಾವು ನಾಲ್ಕೈದು ಅಧಿಕಾರಿಗಳು, ಬಾಗಿಲ ಹತ್ತಿರ ಕೆಲಸದ ಬಟ್ಟೆಯಲ್ಲೇ ನಿಂತ ಹಸೀನಾ.

"ಏನ್ ಬಂತ್ರಿ ಡಾಕ್ಟರ್ ಬಾಯಾರ?"

"ಕುತೂಹಲ ಎಂಬತ್ತೊಂದು. ಅಚ್ಚುಕಟ್ಟು ಹತ್ತೊಂಬತ್ತು. ಮೆರೆದಾಟ ತೊಂಬತ್ನಾಕು."

"ಉಳದ ಆರು ಎಲ್ಲಿ ಹೋತ್ರೀ?" ಎಂದು ಸಾಹೇಬರು ನಕ್ಕರು. ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಸ್ವಲ್ಪ ಹೆಚ್ಚು ಹೊತ್ತು ನಕ್ಕೆ.

"ನಗಬ್ಯಾಡ್ರಿ ಸಾಹೇಬ್ರ," ಎಂದರು ಡಾ. ಬಾಳಿಕಾಯಿ. "ಕುಲುಮೆಗಣ್ಣು ನೀವು ತಗೋತೀರಿ. ಜಿಲ್ಲಾಕ್ಕ ಮೊದ್ಲ ನೀವs ತಗೋತೀರಿ. ಆದ್ರ ಅದಕ್ಕ ಅಧಿಕಾರ ಕೊಡಂಗಿಲ್ಲ. ಲೈನಿಂಗ್ ಸವದ್ರ ತಾನs ಕರೆಂಟ್ ತಗಿಯೂ ಶಕ್ತಿ ಅದಕ್ಕೈತಿ. ಆ ತಂತಿ ನೀವು ಜೋಡಸಂಗಿಲ್ಲ."

ಸಾಹೇಬರ ನಗು ನಿಂತಿತು. "ಹೌದ್ರಿ, ಜೋಡಸಂಗಿಲ್ಲ. ನನ್ನ ಕುಲುಮಿ ನಿಂದ್ರಸೂದು ನಾನು. ತಂತಿ ಅಲ್ಲ."

"ತಂತಿಗಿ ಹಬ್ಬ ಇರಂಗಿಲ್ರಿ. ಊಟದ ಹೊತ್ತಿರಂಗಿಲ್ಲ."

"ನಮ್ಮ ಹಸೀನಾ ಅದಾಳಲ್ಲ. ಪರದಿ ನೋಡ್ತಾಳ, ನಮ್ಮ ಕುಲಗೋಡಗ ಹೇಳ್ತಾಳ, ಕುಲಗೋಡ ನನಗ ಹೇಳ್ತಾನ. ಏನಪಾ ಕುಲಗೋಡ?"

ಆಗ ನಾನು ಎದ್ದು ನಿಂತು ಮೇಜನ್ನು ಗುದ್ದಿದ ಗುದ್ದಿಗೆ ಖಾನಾಪುರದವರೆಗೆ ಗಾಜು ಅದುರಿತು. "ಸಾಹೇಬ್ರ, ಆ ತಂತಿ ಜೋಡಸ್ರಿ!" ಎಂದು ಗುಡುಗಿದೆ. ಸಾಹೇಬರು ನಡುಗಿದರು. ಆದರೂ ಒಪ್ಪಲಿಲ್ಲ, ದೊಡ್ಡ ಮನುಷ್ಯರು ನಡುಗಿದ ಮೇಲೂ ಒಪ್ಪುವುದಿಲ್ಲ.

ಎಲ್ಲರೂ ಏಳುವಾಗ ತಟ್ಟೆ ತಾನಾಗಿ ಇನ್ನೊಂದು ಚೀಟಿಯನ್ನು ಹೊರಹಾಕಿತು. ಸಭೆಯಲ್ಲಿ ಕೂತಿದ್ದ ಮತ್ತೊಬ್ಬ ಮನುಷ್ಯನ ಗೆರೆಗಳು ಅದರಲ್ಲಿದ್ದವು. ಡಾ. ಬಾಳಿಕಾಯಿ ಓದಿ, ಮಡಚಿ, ನನ್ನ ಕಡೆ ನೋಡಿದರು. "ಅಳುಕು ತೊಂಬತ್ತೇಳು," ಎಂದರು ಮೆಲ್ಲಗೆ. "ಧಣಿಗಿಂತ ಇದು ಅಪಾಯ. ಮೆರಿಯೂ ಧಣಿ ಕೈಕೆಳಗ ಖರೇ ಹೇಳಾಂವ ಒಬ್ಬ ಇದ್ರ ಸಾಕು, ಕಾರಖಾನಿ ಉಳಿತೈತಿ. ಹೇಳಾಂವನs ಹಿಂಗಿದ್ರ ಯಾರೂ ಉಳ್ಯಂಗಿಲ್ಲ." ಆ ಬಡಪಾಯಿ ಯಾರೆಂದು ನಾನು ಕೇಳಲಿಲ್ಲ. ಬೇರೆಯವರ ಗುಟ್ಟಿಗೆ ಕೈ ಹಾಕುವುದು ನನ್ನ ಜಾಯಮಾನವಲ್ಲ.

ಕುಲುಮೆಗಣ್ಣು ಬಂತು. ಕರೆಂಟು ತೆಗೆಯುವ ತಂತಿ ಪೆಟ್ಟಿಗೆಯಲ್ಲೇ ಉಳಿಯಿತು. ನಾಲ್ಕು ತಿಂಗಳು ಪರದೆ ಹಸಿರಾಗಿತ್ತು. ಐದನೆಯ ತಿಂಗಳು ಹಳದಿಗೆ ತಿರುಗಿತು. ಲೇಪ ಹೊಸದಾಗಿ ಹಾಕಲು ಕುಲುಮೆಯನ್ನು ನಾಲ್ಕು ದಿನ ನಿಲ್ಲಿಸಬೇಕೆಂದು ಹಸೀನಾ ಹೇಳಿದಳು. ಹಬ್ಬ ಮುಗಿದ ಮೇಲೆ ನೋಡೋಣ ಎಂಬ ಉತ್ತರ ಬಂತು.

ಹಬ್ಬವೆಂದರೆ ಖಂಡೆ ಪೂಜೆ, ಮಹಾನವಮಿಯ ಆಯುಧಪೂಜೆ. ಆ ದಿನ ನಮ್ಮ ಕಡೆ ಯಾವ ಹತಾರವೂ ದುಡಿಯುವಂತಿಲ್ಲ. ಸುತ್ತಿಗೆ, ಇಕ್ಕಳ, ಅಳತೆಗೋಲು ಎಲ್ಲವನ್ನೂ ತೊಳೆದು, ಕಟ್ಟೆಯ ಮೇಲೆ ಸಾಲಾಗಿ ಇಟ್ಟು, ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ ಕೈಮುಗಿಯುತ್ತೇವೆ. ವರ್ಷವಿಡೀ ನಮಗಾಗಿ ದುಡಿದದ್ದಕ್ಕೆ ಒಂದು ದಿನದ ವಿಶ್ರಾಂತಿ. ಪೂಜೆಗಿಟ್ಟ ಹತಾರವನ್ನು ಮರುದಿನದವರೆಗೆ ಮುಟ್ಟಬಾರದು. ಆದರೆ ಕುಲುಮೆಗೆ ವಿಶ್ರಾಂತಿ ಕೊಡುವಂತಿರಲಿಲ್ಲ. ಮರುದಿನ ಬೆಳಿಗ್ಗೆಯೇ ಒಂದು ದೊಡ್ಡ ಎರಕ ಹೊಯ್ಯಬೇಕಿತ್ತು. ಎರಡು ಟನ್ ರಸವನ್ನು ಸಣ್ಣ ಕರೆಂಟಿನ ಮೇಲೆ ಕಾಯಿಸುತ್ತ ಇಟ್ಟಿದ್ದರು. ಹಸೀನಾ ಮತ್ತು ಇಬ್ಬರು ಅದರ ಕಾವಲಿಗೆ. ಪಕ್ಕದ ಅಂಗಳದಲ್ಲಿ ಊಟದ ಪಂಕ್ತಿ. ಅರವತ್ತು ಜನ, ಹೆಂಡಿರು ಮಕ್ಕಳೊಂದಿಗೆ.

ಕಟ್ಟೆಯ ನಟ್ಟನಡುವೆ ಏನನ್ನು ಇಟ್ಟಿದ್ದರು, ಹೇಳಿ? ಕುಲುಮೆಗಣ್ಣಿನ ಪರದೆಯನ್ನು. ಅದೂ ಹತಾರವಲ್ಲವೇ? ಜಿಲ್ಲೆಯಲ್ಲೇ ಮೊದಲನೆಯದಲ್ಲವೇ? ಅದರ ಪಕ್ಕ ನಿಂತು ಸಾಹೇಬರು ಫೋಟೊ ತೆಗೆಸಿಕೊಳ್ಳಬೇಡವೇ? ಪೂಜೆಗಿಟ್ಟದ್ದು ಮಿನುಗುತ್ತ ಕೆಲಸ ಮಾಡುತ್ತಿದ್ದರೆ ಶಾಸ್ತ್ರಕ್ಕೆ ಬರುವುದಿಲ್ಲವೆಂದು ಯಾರೋ ಒಬ್ಬರು ಅದನ್ನು ಆರಿಸಿದ್ದರು. ಲೋಕದ ಬೇರೆ ಯಾವ ಮೂಲೆಯಲ್ಲೂ ಈ ತಪ್ಪು ನಡೆಯುವುದು ಸಾಧ್ಯವಿಲ್ಲ. ಕೊಂಡದ್ದನ್ನು ಬಳಸದವರು ಎಲ್ಲ ಕಡೆ ಇದ್ದಾರೆ; ಗೌರವಿಸಿ ಕಣ್ಣು ಮುಚ್ಚಿಸುವವರು ನಾವು ಮಾತ್ರ.

ಮಧ್ಯಾಹ್ನ ಒಂದು ಗಂಟೆಗೆ ಹೋಳಿಗೆ ಬಡಿಸುತ್ತಿದ್ದರು. ಆಗ ನನಗೆ ಎಂಟು ಮೈಲಿ ಆಚೆಯಿಂದಲೇ ಮಣ್ಣು ಸವೆಯುವ ಸದ್ದು ಕೇಳಿಸಿತು. ಅರವತ್ತು ಜನರ ಪಂಕ್ತಿಯನ್ನು ಒಂದೇ ನೆಗೆತಕ್ಕೆ ದಾಟಿದೆ. ಒಬ್ಬರ ತುಪ್ಪವೂ ಚೆಲ್ಲಲಿಲ್ಲ. ಕಟ್ಟೆಯ ಮೇಲಿನ ಪರದೆಯನ್ನು ಕಸಿದು ಹಚ್ಚಿದೆ. ಕೆಂಪು! ಸಾಹೇಬರನ್ನು ಎಡಗೈಯಿಂದ ಪಕ್ಕಕ್ಕೆ ಸರಿಸಿ, ಬಲಗೈಯಿಂದ ಎರಡು ಟನ್ನಿನ ಕುಲುಮೆಯನ್ನು ಬಗ್ಗಿಸಿ, ರಸವನ್ನೆಲ್ಲ ನೆಲದ ತುರ್ತು ಹೊಂಡಕ್ಕೆ ಸುರಿದೆ. ಅರವತ್ತು ಜೀವ ಉಳಿಯಿತು. ಸಾಹೇಬರು ನನ್ನ ಕಾಲಿಗೆ ಬಿದ್ದು, "ಕುಲಗೋಡ, ಇವತ್ತಿಂದ ಆ ತಂತಿ ಜೋಡಸ್ತೀನಿ" ಎಂದರು. ಸಂಜೆಗೆ ಡಾ. ಬಾಳಿಕಾಯಿ ಫೋನು ಮಾಡಿದರು. ಆಕೆಗೆ ಮಾತ್ರ ಸಂತೋಷವಿರಲಿಲ್ಲ.

"ಧಣಿ ಎಂಥಾಂವ ಅಂತ ಮೊದ್ಲ ಗೊತ್ತಿತ್ತು. ಗೇಟಿನ ಮ್ಯಾಲ ಬರದಿತ್ತು. ಎಲ್ಲಾರೂ ಓದಿದ್ರು. ಗೊತ್ತಾದ ಮ್ಯಾಲೂ ಯಾರೂ ಬಾಯಿ ತಗೀಲಿಲ್ಲಂದ್ರ ನಾ ಕಂಡುಹಿಡದದ್ದರ ಏನ್ರೀ ಕುಲಗೋಡರ?"

ಕತೆ ಇಲ್ಲಿಗೆ ಮುಗಿದಿತ್ತು. ಅಂದರೆ, ಇಲ್ಲಿಯವರೆಗೆ ಬರೆದ ಹಾಳೆಗಳನ್ನು ನಾನು ನಿನ್ನೆ ಹಸೀನಾಳ ಕೈಗೆ ಕೊಟ್ಟೆ. ಅವಳ ಮನೆಯ ಪಡಸಾಲೆಯಲ್ಲಿ, ಮಧ್ಯಾಹ್ನ ಹನ್ನೆರಡರ ಸುಮಾರಿಗೆ. ಅವಳು ನಿಧಾನವಾಗಿ ಓದಿದಳು. ಸೋಡಾ ಕಂಪನಿಯ ಹತ್ತಿರ ಒಮ್ಮೆ ನಕ್ಕಳು. ಆಮೇಲೆ ನಗಲಿಲ್ಲ.

"ಸರ, ಇದು ಯಾವ ಇಸವಿ ಅಂದ್ರಿ?"

"ಅರವತ್ತಮೂರು. ಎರಡು ಸಾವಿರದ ಅರವತ್ತಮೂರು."

"ಆವಾಗ ನನಗ ಎಪ್ಪತ್ತೆರಡಾಗಿರ್ತೈತ್ರಿ. ಎಪ್ಪತ್ತೆರಡರ ಮುದಿಕಿ ಕುಲುಮಿ ಮುಂದ ಏನ್ ಮಾಡಾಕತ್ತಾಳ್ರೀ?"

ನಾನು ಕೆಮ್ಮಿದೆ. "ಅದು ಕತಿ, ಹಸೀನಾ. ಅಕಿ ಬ್ಯಾರೆ ಹಸೀನಾ."

"ನದಾಫನೂ ಬ್ಯಾರೇನs? ಹದಿನಾಕು ವರ್ಷಾನೂ ಬ್ಯಾರೇನs?" ಹಾಳೆಗಳನ್ನು ಸರಿಯಾಗಿ ಜೋಡಿಸಿ ಚಾಪೆಯ ಮೇಲೆ ಇಟ್ಟಳು. "ನಾ ನಿಮ್ಮ ಹತ್ರ ಕೇಳಿದ್ದು ಸಾಕ್ಷಿರೀ. ಗುರುವಾರ ನನ್ನ ಮ್ಯಾಲಿನ ವಿಚಾರಣಿ ಐತಿ. ನೀವು ಕತಿ ಬರಕೊಂಡ ಬಂದೀರಿ."

"ಇದರಾಗ ಎಲ್ಲಾ ಐತಲ್ಲ."

"ಎಲ್ಲಾ ಐತ್ರಿ. ಎರಡನೇ ಮನಶಾ ಯಾರು ಅನ್ನೂದೊಂದು ಇಲ್ಲ." ಮತ್ತೆ ಕೇಳಿದಳು, "ಹೋಳಿಗಿ ಹೊತ್ತಿನ್ಯಾಗ ನೀವು ಎಲ್ಲಿದ್ರಿ ಸರ?"

ಈ ಪ್ರಶ್ನೆಗೆ ನನ್ನ ಹತ್ತಿರ ಏಳು ಉತ್ತರಗಳಿದ್ದವು, ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಅವಳು ಕಣ್ಣು ತೆಗೆಯದೆ ನೋಡುತ್ತಿದ್ದಳು.

"ಪಂಕ್ತಿಯಾಗ," ಎಂದೆ. "ಎರಡನೇ ಹೋಳಿಗಿ ಹಾಕಸ್ಕೊಳ್ಳಾಕತ್ತಿದ್ದೆ."

ಓದುವವರಿಗೂ ಹೇಳಿಬಿಡುತ್ತೇನೆ. ಗುಣಗನ್ನಡಿ ಎಂಬ ತಟ್ಟೆ ಇಲ್ಲ. ಡಾ. ಅನಸೂಯಾ ಬಾಳಿಕಾಯಿ ಎಂಬ ವಿಜ್ಞಾನಿಯೂ ಇಲ್ಲ. ಕುಲುಮೆಗೆ ತಂತಿಯ ಬಲೆ ಜೋಡಿಸಲು ಒಬ್ಬ ಹೆಣ್ಣುಮಗಳು ಬಂದಿದ್ದದ್ದು ನಿಜ. ಹೋಗುವಾಗ ಆಕೆ, "ಇದನ್ನ ನೋಡಾವ್ರು ಯಾರ್ರಿ?" ಎಂದು ನನ್ನನ್ನು ಎರಡು ಸಲ ಕೇಳಿದ್ದೂ ನಿಜ. ನಾನು ಆಕೆಯ ಹೆಸರು ಕೇಳಿರಲಿಲ್ಲ. ಹನ್ನೊಂದು ಸಾವಿರ ಧಣಿಗಳನ್ನು ನಾನು ಕಂಡಿಲ್ಲ. ಒಬ್ಬರನ್ನು ಕಂಡಿದ್ದೇನೆ, ಅವರ ಮುಂದೆ ಇಪ್ಪತ್ತೆರಡು ವರ್ಷ ತಲೆದೂಗಿದ್ದೇನೆ. ಕಂಪನಿಯ ಹೆಸರನ್ನೂ ಸಾಹೇಬರ ಹೆಸರನ್ನೂ ಬದಲಿಸಿದ್ದೇನೆ. ಇಸವಿಯನ್ನು ಮುಂದೆ ನೂಕಿದ್ದು ನಾನಿನ್ನೂ ಅಲ್ಲಿ ಸಂಬಳ ತೆಗೆದುಕೊಳ್ಳುತ್ತಿರುವುದರಿಂದ. ಖಂಡೆ ಪೂಜೆ ನಡೆದದ್ದು ಈ ವರ್ಷ, ಹೋದ ತಿಂಗಳು.

ಸಾಹೇಬರ ಸ್ವಭಾವವನ್ನು ಅರಿಯಲು ಯಾವ ಯಂತ್ರವೂ ಬೇಕಿರಲಿಲ್ಲ. ಹೊಸತೆಂದರೆ ಅವರಿಗೆ ಮಕ್ಕಳಂತೆ ಖುಷಿ. ತೋರಿಸಲು ಬೇಕು, ತನಗಿಂತ ಮುಂಚೆ ಅದು ಮಾತಾಡಬಾರದು, ಅಷ್ಟೇ. ಕಾವಲುಗಾರನಿಂದ ಹಿಡಿದು ಎಲ್ಲರಿಗೂ ಅದು ಗೊತ್ತಿತ್ತು. ನಾನು ಮೇಜು ಗುದ್ದಲಿಲ್ಲ. "ಏನಪಾ ಕುಲಗೋಡ?" ಎಂದಾಗ "ಹೌದ್ರಿ ಸಾಹೇಬ್ರ" ಎಂದೆ. ಪರದೆ ಹಳದಿಗೆ ತಿರುಗಿದ್ದನ್ನು ಹಸೀನಾ ನನಗೆ ಮೂರು ಸಲ ಹೇಳಿದಳು. ನಾನು ಸಾಹೇಬರಿಗೆ ಒಮ್ಮೆಯೂ ಹೇಳಲಿಲ್ಲ. ಹಬ್ಬ ಮುಗಿದ ಮೇಲೆ ನೋಡೋಣ ಎಂಬ ಉತ್ತರ ಅವರದಲ್ಲ, ನನ್ನದು. ಆ ದಿನ ಪರದೆಯನ್ನು ಪೂಜೆಗಿಡಲು ಅವರು ಹೇಳಿದರು, ಆರಿಸಲು ಹೇಳಿರಲಿಲ್ಲ. ಮಿನುಗುವ ಹಳದಿ ಫೋಟೊದಲ್ಲಿ ಬಿದ್ದು ಅವರು "ಇದೇನೋ?" ಎಂದು ಕೇಳಿಯಾರು ಎಂದು ಹೆದರಿ ನಾನೇ ಆರಿಸಿದೆ. ಕುಂಕುಮ ಹಚ್ಚಿದವನೂ ನಾನೇ.

ಉಳಿಸಿದವಳು ಹಸೀನಾ. ಪರದೆಯಿಲ್ಲದೆ. ತಾಮ್ರದ ಕೊಳವೆಯಿಂದ ಹೊರಬರುವ ನೀರಿಗೆ ಅವಳು ಅರ್ಧ ಗಂಟೆಗೊಮ್ಮೆ ಕೈಯೊಡ್ಡಿ ನೋಡುತ್ತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ, ಅವಳದೇ ರೂಢಿ. ಒಂದು ಗಂಟೆಗೆ ಕೈ ಸುಟ್ಟಿತು. ಕರೆಂಟು ತೆಗೆದು, ಇಬ್ಬರನ್ನು ಕೂಗಿ, ಕುಲುಮೆ ಬಗ್ಗಿಸಿ ರಸವನ್ನು ಹೊಂಡಕ್ಕೆ ಹರಿಸಿದಳು. ಪಂಕ್ತಿಯಲ್ಲಿದ್ದವರಿಗೆ ಒಂದು ಕೆಂಪು ಬೆಳಕು ಕಂಡಿತು, ಅಷ್ಟೇ. ಆಮೇಲೆ ಲೇಪ ಒಡೆದು ನೋಡಿದರೆ ಒಂದು ಕಡೆ ಬೆರಳಿನಷ್ಟು ಮಣ್ಣು ಉಳಿದಿತ್ತು.

ಮರುದಿನದ ಎರಕ ತಪ್ಪಿತು. ಹಬ್ಬಕ್ಕೆ ಬಂದ ಅತಿಥಿಗಳ ಮುಂದೆ ಸಾಹೇಬರಿಗೆ ಅವಮಾನವಾಯಿತು. ಅಪ್ಪಣೆಯಿಲ್ಲದೆ ಕುಲುಮೆ ನಿಲ್ಲಿಸಿದ್ದಕ್ಕೆ, ಪರದೆಯ ಮೇಲೆ ನಿಗಾ ಇಡದೆ ಇದ್ದದ್ದಕ್ಕೆ ಹಸೀನಾಳನ್ನು ವಿಚಾರಣೆ ಮುಗಿಯುವವರೆಗೆ ಕೆಲಸದಿಂದ ತಡೆಹಿಡಿದ ಪತ್ರದ ಕೆಳಗೆ ಸಾಹೇಬರ ಸಹಿ ಇಲ್ಲ. ಅವರು ಅದನ್ನು ಪೂರ್ತಿ ಓದಿಯೂ ಇಲ್ಲ. ಸಹಿ ನನ್ನದು.

ನಲವತ್ತು ವರ್ಷ ಮುಂದೆ ಹೋಗಿ ಒಂದು ಯಂತ್ರ ಕಟ್ಟಿದರೆ ಮೇಲಿನವರ ಗುಣವನ್ನು ಅಳೆದು ತೋರಿಸಬಹುದು, ಆಗ ತಪ್ಪು ಅವರದೆಂದು ಎಲ್ಲರಿಗೂ ಕಾಣುತ್ತದೆ ಎಂದುಕೊಂಡಿದ್ದೆ. ಕಟ್ಟುತ್ತ ಹೋದಂತೆ ಅದು ನನ್ನ ಕಡೆಗೆ ತಿರುಗಿತು. ಮೇಲಿನವರ ಗುಣ ಕಂಪನಿಯನ್ನು ಆಳುವುದು ನಿಜವೇ. ಅದು ಕುಲುಮೆಯವರೆಗೆ ಇಳಿದು ಬರುವುದು ಮಾತ್ರ ನನ್ನಂಥವರ ಮೂಲಕ.

ಹಸೀನಾ ಒಳಗೆ ಹೋಗಿ ಮಗಳ ನೋಟುಬುಕ್ಕಿನಿಂದ ಒಂದು ಹಾಳೆ ಹರಿದು ತಂದಳು. ಪೆನ್ನು ನನ್ನ ಜೇಬಿನಲ್ಲೇ ಇತ್ತು.

ಬರೆದೆ: 'ಖಂಡೆ ಪೂಜೆಯ ದಿನ ಮಧ್ಯಾಹ್ನ ಹನ್ನೆರಡೂಮುಕ್ಕಾಲಿಗೆ ಕುಲುಮೆಯ ಎಚ್ಚರಿಕೆ ಪರದೆಯನ್ನು ಆರಿಸಿದವನು ನಾನು. ಅದಕ್ಕೆ ಮೊದಲು ಹಸೀನಾ ನದಾಫ ಇವರು ಅಪಾಯದ ಬಗ್ಗೆ ಮೂರು ಸಲ ನನಗೆ ತಿಳಿಸಿದ್ದರು. ನಾನು ಯಾರಿಗೂ ಹೇಳಲಿಲ್ಲ.' ಕೆಳಗೆ ಹೆಸರು, ಹುದ್ದೆ, ತಾರೀಖು ಹಾಕಿದೆ. ನಿಜವಾದ ತಾರೀಖು.

ಅವಳು ಓದಿದಳು. "ಹನ್ನೆರಡೂಮುಕ್ಕಾಲಲ್ರಿ. ಹತ್ತೂವರಿ."

"ಹತ್ತೂವರಿ?"

"ಹೂವಿನ ಬುಟ್ಟಿ ಬಂದಾಗ ಆರಿಸಿದ್ರಿ. ನಾ ಅಲ್ಲೇ ಕುಲುಮಿ ಕಡೆ ನಿಂತಿದ್ದೆ. ಎರಡೂವರಿ ತಾಸು ಕಣ್ಣ ಮುಚ್ಚಿತ್ರಿ ಅದು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಇದರಾಗೂ ಯಾಕ್ರೀ ಸರ?"

ಹೊಡೆದು ಹಾಕಿ ಹತ್ತೂವರೆ ಎಂದು ಬರೆದೆ. ತಿದ್ದಿದ ಜಾಗದಲ್ಲಿ ಮತ್ತೊಂದು ಸಹಿ ಹಾಕಿಸಿಕೊಂಡಳು. ಹಾಳೆಯನ್ನು ಮಡಚಿ ಡಬ್ಬಿಯಲ್ಲಿಟ್ಟು, ಗೋಡೆಯ ಗಡಿಯಾರ ನೋಡಿ, "ಒಂದೂವರಿ ಆತು, ಎರಡರ ಪಾಳಿ" ಎಂದು ಗಡಬಡಿಸಿ ಎದ್ದು ಗೂಟದ ಮೇಲಿನ ಕೆಲಸದ ಅಂಗಿಗೆ ಕೈ ಹಾಕಿದಳು. ಕೈ ಹಾಗೇ ನಿಂತಿತು. ಅಂಗಿಯನ್ನು ಅಲ್ಲೇ ಬಿಟ್ಟು ಬಂದು ಮತ್ತೆ ಚಾಪೆಯ ಮೇಲೆ ಕುಳಿತಳು.